ಮೈಕಕ್ಕನ ಎಕೋ ಪೆಟ್ಟಿಗೆ

ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಕೆ.ಆರ್. ನಗರದಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಸ್ಟೇಷನ್ ರಸ್ತೆಯಲ್ಲಿದ್ದ ಆ ಉದ್ದನೆಯ ಕತ್ತಲೆ ಅಂಗಡಿಯ ಒಡತಿಯನ್ನು ಊರಿಗೆ ಊರೇ ಮೈಕಕ್ಕ ಎಂದು ಕರೆಯುತ್ತಿತ್ತು. ಅಂಚೆಯವನು ಅವರ ಹೆಸರಿದ್ದ ಲಕೋಟೆ ಹಿಡಿದುಕೊಂಡು ಅವರ ಮುಂದೆಯೇ ನಿಂತು, 'ಇವರು ಯಾರು ಅಂತ ಗೊತ್ತಾ ಮೈಕಕ್ಕ?' ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ.

ಮದುವೆಗೆ, ನಾಮಕರಣಕ್ಕೆ, ಗಣೇಶನಿಗೆ, ಎಲೆಕ್ಷನ್ನಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವರ ಕಸುಬು. ಗಂಡಸರೇ ತುಂಬಿದ್ದ ಆ ಕಸುಬಿನಲ್ಲಿ ಒಬ್ಬ ಹೆಂಗಸು, ಅದೂ ಗಂಡನನ್ನು ಕಳೆದುಕೊಂಡ ಹೆಂಗಸು, ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಹಳ್ಳಿ ಹಳ್ಳಿ ತಿರುಗುವುದನ್ನು ಜನ ಮೊದಮೊದಲು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಗದವರಿಗೆ ಮೈಕಕ್ಕನೇ ಅಭ್ಯಾಸ ಮಾಡಿಸಿದರು.

ಮೈಕ್ ಪರೀಕ್ಷೆ ಮಾಡುವವರೆಲ್ಲ 'ಹಲೋ ಹಲೋ, ಒನ್ ಟೂ ತ್ರೀ' ಅನ್ನುತ್ತಿದ್ದರೆ ಮೈಕಕ್ಕ 'ಉಪ್ಪು... ಉಪ್ಪು... ಸಾಸ್ವೆ' ಅನ್ನುತ್ತಿದ್ದರು. ಸಾಲಿಗ್ರಾಮದ ಒಂದು ಮದುವೆಯಲ್ಲಿ ಅಡುಗೆ ಭಟ್ಟನೊಬ್ಬ ಉಪ್ಪಿನ ಡಬ್ಬಿ ಹಿಡಿದುಕೊಂಡು ಚಪ್ಪರಕ್ಕೆ ಓಡಿ ಬಂದದ್ದೂ ಉಂಟು. ಯಾಕಕ್ಕ ಹೀಗೆ ಎಂದು ನಾನು ಕೇಳಿದ್ದೆ.

'ಹಲೋ ಅಂದ್ರೆ ಮೈಕ್‌ಗೇನು ಕಷ್ಟ ಕಣಪ್ಪ? ಅದು ಬರೀ ಗಾಳಿ. ಪ ಅಂದಾಗ ಡಬ್ ಅಂತದಾ, ಸ ಅಂದಾಗ ಸುಂಯ್ ಅಂತದಾ ಅಂತ ನೋಡ್ಬೇಕು. ಉಪ್ಪು ಸಾಸ್ವೆ ಸರಿಯಾಗಿದ್ರೆ ಮಿಕ್ಕಿದ್ ಅಡ್ಗೆ ತಾನೇ ಸರಿಯಾಯ್ತದೆ.'

ಎತ್ತರದ ಆಳು. ಅಗಲವಾದ ಹಣೆ, ಹಣೆಯ ಮೇಲೆ ಮೂರು ಬೆರಳು ವಿಭೂತಿ. ಗಂಡ ಹೋದ ಮೇಲೆ ತುರುಬಿಗೆ ಹೂ ಮುಡಿಯುವುದನ್ನು ಬಿಟ್ಟಿದ್ದರು. ಆ ಜಾಗದಲ್ಲಿ ಕರೆಂಟ್ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. 'ಇದೇನವ್ವ ತಲೇಲಿ?' ಎಂದು ಮದುವೆ ಮನೆಯ ಅಜ್ಜಿಯೊಬ್ಬರು ಕೇಳಿದಾಗ, 'ಹೂವಾದ್ರೆ ಬಾಡ್ತದೆ, ಇದು ಬಾಡಕ್ಕಿಲ್ಲ ಬುಡಿ' ಅಂದು ತಂತಿ ಎಳೆಯುತ್ತಾ ಮುಂದೆ ಹೋಗಿದ್ದರು.

ಕೆಲಸ ಕಲಿತದ್ದು ಗಂಡನಿಂದ. ಆತನಿಗೆ ಸೋಡಾ ಬಾಟಲಿಯ ತಳದಂಥ ಕನ್ನಡಕ. ಸಣ್ಣ ತಂತಿಗಳು ಕಾಣುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದಲೇ ಬೆಸುಗೆಯ ಕೆಲಸವೆಲ್ಲ ಇವರ ಕೈಗೆ ಬಂತು. ಇದ್ದಿಲ ಒಲೆಯಲ್ಲಿ ಬೆಸುಗೆ ಕಡ್ಡಿ ಕಾಯಿಸಿ, ರಾಳಕ್ಕೆ ಅದ್ದಿ, ಉಸಿರು ಹಿಡಿದು ತಂತಿ ಕೂಡಿಸುತ್ತಿದ್ದರು. ಗಂಡ ಬಾಯಲ್ಲಿ ಹೇಳುವುದು, ಹೆಂಡತಿ ಕೈಯಲ್ಲಿ ಮಾಡುವುದು. ಕೆಲವು ವರ್ಷ ಕಳೆದ ಮೇಲೆ ಬಾಯಲ್ಲಿ ಹೇಳುವುದೂ ಹೆಂಡತಿಯೇ ಆಯಿತು ಎಂದು ಅವರೇ ನಗುತ್ತಾ ಹೇಳುತ್ತಿದ್ದರು. ತಾವು ಜಾಣೆ ಎಂಬ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ.

ನಾನು ಆಗ ಹಗಲು ಸೊಸೈಟಿಯಲ್ಲಿ ಗುಮಾಸ್ತ, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ವಾದಕ. ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ನನ್ನದು. ಎಪ್ಪತ್ತರ ದಶಕದಲ್ಲಿ ಅದಿಲ್ಲದ ಆರ್ಕೆಸ್ಟ್ರಾವನ್ನು ಜನ ಭಜನೆ ಮೇಳ ಅಂದುಕೊಳ್ಳುತ್ತಿದ್ದರು. ನಮ್ಮ ತಂಡಕ್ಕೆ ಮೈಕ್ ಸೆಟ್ ಯಾವಾಗಲೂ ಮೈಕಕ್ಕನದೇ. ನಾವು ಅವರ ತಂಡ ಎಂದು ಅವರು ಅಂದುಕೊಂಡಿದ್ದರು, ಅವರು ನಮ್ಮ ಸೌಂಡ್‌ನವರು ಎಂದು ನಾವು ಅಂದುಕೊಂಡಿದ್ದೆವು. ನಿಜ ಏನೆಂದು ವ್ಯಾನಿನಲ್ಲಿ ಯಾರು ಮುಂದೆ ಕೂರುತ್ತಿದ್ದರು ಎಂಬುದರಿಂದಲೇ ಗೊತ್ತಾಗುತ್ತಿತ್ತು.

ಉದ್ದುದ್ದ ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಗಾವಡಗೆರೆಯ ಶಾಲೆಯ ಕಾರ್ಯಕ್ರಮದಲ್ಲಿ ಮುಖಂಡರೊಬ್ಬರು ಎದ್ದು ನಿಂತವರು ಕೂರಲೇ ಇಲ್ಲ. ಮಕ್ಕಳು ಬಿಸಿಲಿನಲ್ಲಿ ಬಾಡುತ್ತಿದ್ದವು. ಮೈಕಕ್ಕ ಮುಖಂಡರ ಮುಖವನ್ನೇ ಭಕ್ತಿಯಿಂದ ನೋಡುತ್ತಾ, ಕೈಯನ್ನು ಮಾತ್ರ ಹಿಂದೆ ಇಟ್ಟುಕೊಂಡು, ಸೌಂಡನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಗ್ಗಿಸುತ್ತಾ ಹೋದರು. ಪಾಪ, ಆ ಮನುಷ್ಯ ತನ್ನ ಗಂಟಲೇ ಕಟ್ಟಿತು ಅಂದುಕೊಂಡು ನೀರು ಕುಡಿದು ಕೂತುಬಿಟ್ಟರು. 'ಮೈಸೂರಿಗೋಗಿ ಡಾಕ್ಟ್ರಿಗೆ ತೋರ್ಸಿ ಬುದ್ದಿ' ಎಂದು ಮೈಕಕ್ಕ ಕಳಕಳಿಯಿಂದ ಹೇಳಿದರು.

ಇಷ್ಟು ಗಟ್ಟಿಗಿತ್ತಿ ಒಂದೇ ಒಂದು ಸಲ ಮಾತು ಸಿಗದೆ ನಿಂತದ್ದನ್ನು ನಾನು ನೋಡಿದ್ದೇನೆ. ಅದಕ್ಕೆ ಕಾರಣ ಎಕೋ ಪೆಟ್ಟಿಗೆ.

ಆಗ ಮೈಸೂರಿನ ಒಂದು ಆರ್ಕೆಸ್ಟ್ರಾ ವಿದೇಶದ ಎಕೋ ಮೆಷಿನ್ ತಂದಿತ್ತು. ಗಿಟಾರಿನ ಒಂದು ಸ್ವರ ಮೀಟಿದರೆ ಅದೇ ಸ್ವರ ಇನ್ನೊಂದು ಸಲ, ಮತ್ತೊಂದು ಸಲ ತಾನಾಗಿ ಕೇಳುತ್ತಿತ್ತು. ಹುಣಸೂರಿನ ಮದುವೆಯೊಂದರಲ್ಲಿ ಅದನ್ನು ಕೇಳಿದ ಜನ ಹುಚ್ಚಾದರು. 'ಅವರ ಗಿಟಾರು ಗುಂಯ್ ಅಂತದೆ, ನಿಮ್ದು ಯಾಕೆ ಅನ್ನಲ್ಲ?' ಎಂದು ಬೀಗರು ನನ್ನನ್ನೇ ಕೇಳತೊಡಗಿದರು. ನನಗೆ ಉರಿದುಹೋಯಿತು. ಮೈಕಕ್ಕನ ಹತ್ತಿರ ಹೋಗಿ ತೋಡಿಕೊಂಡೆ.

'ಅದೇನು ದೇವಲೋಕದಿಂದ ಇಳಿದದಾ? ಮಾಡುದ್ರಾಯ್ತು ಬುಡು' ಅಂದರು.

ಮಾಡಿಯೇಬಿಟ್ಟರು. ಮೈಸೂರಿನ ಗುಜರಿಯಿಂದ ಕೆಟ್ಟ ಟೇಪ್ ರೆಕಾರ್ಡರೊಂದನ್ನು ತಂದು ಬಿಚ್ಚಿದರು. ಉಪಾಯ ಕೇಳಲು ಸರಳ. ಟೇಪಿನ ತುಂಡೊಂದನ್ನು ಬಳೆಯ ಹಾಗೆ ಕೂಡಿಸಿ ತಿರುಗಲು ಬಿಡುವುದು. ಟೇಪಿಗೆ ತಾಗಿಕೊಂಡ ಪುಟ್ಟ ಲೋಹದ ತುಂಡುಗಳೇ ಹೆಡ್ಡು. ಒಂದು ಹೆಡ್ಡು ಗಿಟಾರಿನ ಸ್ವರವನ್ನು ಟೇಪಿನ ಮೇಲೆ ಬರೆಯುತ್ತದೆ. ಸ್ವಲ್ಪ ದೂರದಲ್ಲಿರುವ ಎರಡನೆಯದು ಅದನ್ನು ಓದುತ್ತದೆ. ಓದುವುದು ತುಸು ತಡವಾಗುವುದರಿಂದ ಮಾರ್ದನಿ ಕೇಳುತ್ತದೆ. ಮೂರನೆಯದು ಅಳಿಸುತ್ತದೆ, ಮತ್ತೆ ಬರೆಯಲು ಟೇಪು ಖಾಲಿ. ಆದರೆ ಟೇಪನ್ನು ತಿರುಗಿಸುವ ಮೋಟಾರು ಕರೆಂಟಿನದು. ಸಂಜೆಯಾಗುತ್ತಲೇ ಹೊಳೆಯಂಚಿನ ಗದ್ದೆಯವರೆಲ್ಲ ಪಂಪ್‌ಸೆಟ್ ಹಾಕಿದರೆ ನಮ್ಮ ಕಡೆ ಬಲ್ಬು ಕೆಂಪಗಾಗುತ್ತಿತ್ತು. ಮೋಟಾರು ಕುಂಟುತ್ತಿತ್ತು. ಮಾರ್ದನಿ ಹಸಿದ ಎಮ್ಮೆ ಕೂಗಿದ ಹಾಗೆ ಕೇಳುತ್ತಿತ್ತು. ಆಂಪ್ಲಿಫೈಯರ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರಿಂದ ಅದಕ್ಕೇನೂ ತೊಂದರೆಯಿರಲಿಲ್ಲ. ಕಾಟವೆಲ್ಲ ಈ ಮೋಟಾರಿನದು.

ಒಂದು ಬೆಳಿಗ್ಗೆ ಅಂಗಡಿಗೆ ಹೋದಾಗ ಮೈಕಕ್ಕ ಮಾವನ ಕಾಲದ ಗ್ರಾಮಫೋನನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಕೀಲಿ ಕೊಟ್ಟರೆ ಸ್ಪ್ರಿಂಗಿನ ಬಲದಿಂದ ತಟ್ಟೆ ತಿರುಗುವ ಹಳೆಯ ಗ್ರಾಮಫೋನು. ಅದಕ್ಕೆ ಕರೆಂಟಿನ ಹಂಗೇ ಇಲ್ಲ. ಅದರ ಯಂತ್ರವನ್ನು ಎಕೋ ಪೆಟ್ಟಿಗೆಯೊಳಗೆ ಕೂರಿಸಿ, ತಟ್ಟೆಯ ಅಂಚಿನ ಸುತ್ತ ಟೇಪು ಅಂಟಿಸಿ, ತುದಿಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಿದ್ದರು. ಕೀಲಿ ಕೊಟ್ಟರು. ಚಕ್ರ ಗಂಭೀರವಾಗಿ, ಒಂದೇ ಸಮನೆ ತಿರುಗಿತು.

ಹಾಡಿನ ನಡುವೆ ಆಗಾಗ ಕೀಲಿ ಕೊಡುತ್ತಿರಬೇಕಾಗಿತ್ತು. ಅದಕ್ಕೂ ಅವರದೇ ಲೆಕ್ಕ. ಹುಡುಗಿಯಾಗಿದ್ದಾಗ ರಾಗಿ ಬೀಸುತ್ತಾ ಹೇಳುತ್ತಿದ್ದ ಪದವೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಒಂದು ನುಡಿ ಮುಗಿದರೆ ಕೀಲಿಗೆ ಕೈ. ನಾವು ಯಾವ ಸಿನಿಮಾ ಹಾಡು ನುಡಿಸುತ್ತಿದ್ದರೂ ಮೈಕಕ್ಕನ ತುಟಿ ಮಾತ್ರ ಬೀಸುವ ಕಲ್ಲಿನ ಪದಕ್ಕೇ ಅಲ್ಲಾಡುತ್ತಿತ್ತು.

ಆ ಗ್ರಾಮಫೋನಿನಿಂದಲೇ ಆ ಮನೆಯ ಕಸುಬು ಶುರುವಾದದ್ದು. ಆಯುಧಪೂಜೆಯ ದಿನ ಮೊದಲ ಹೂವು ಅದಕ್ಕೇ. ಹೊಟ್ಟೆ ಖಾಲಿಯಾಗಿ ಮೂಲೆಯಲ್ಲಿ ನಿಂತಿದ್ದ ಅದನ್ನು ಮೈಕಕ್ಕನ ಮೈದುನ ನೋಡಿದ. ಸಾಲಿಗ್ರಾಮದ ಕಡೆಯ ಹಳ್ಳಿಯಲ್ಲಿ ತಾಯಿಯೊಂದಿಗೆ ಬೇಸಾಯ ಮಾಡಿಕೊಂಡಿದ್ದ ಮನುಷ್ಯ. ಕೆಟ್ಟವನೇನಲ್ಲ. ಆದರೆ ಅವತ್ತು ಅವನ ಮುಖ ಬಿಳಿಚಿಕೊಂಡಿತು.

'ಏನತ್ಗೆ ಇದು? ಅಪ್ಪನ ಗ್ರಾಮಫೋನ್ ಹೊಟ್ಟೆ ಬಗ್ದ್ ಹಾಕಿದ್ದೀರಲ್ಲ!'

'ಬಗ್ದಿಲ್ಲ ಕಣಪ್ಪ. ಅದರ ಜೀವಾನ ಈ ಪೆಟ್ಗೇಲಿ ಮಡಗಿವ್ನಿ. ಇಷ್ಟ್ ವರ್ಸ ಸುಮ್ಕೆ ಕೂತಿತ್ತು, ಈಗ ದುಡೀತದೆ.'

'ದುಡಿಸೋಕೆ ನೀವ್ಯಾರು? ಅದು ನಮ್ಮಪ್ಪಂದು.'

ಮೈಕಕ್ಕನಿಗೆ ಮಾತು ಸಿಗದೆ ಹೋದದ್ದು ಆಗಲೇ. ಬೆಸುಗೆ ಕಡ್ಡಿ ಕೈಯಲ್ಲೇ ಆರುತ್ತಿತ್ತು. ಹದಿನೈದು ವರ್ಷ ಆ ಅಂಗಡಿಯಲ್ಲಿ ಬೆರಳು ಸುಟ್ಟುಕೊಂಡವರಿಗೆ ನೀವ್ಯಾರು ಅಂದರೆ ಹೇಗಿರುತ್ತದೆ? ನನಗೆ ಅವನ ಮೇಲೆ ಕೆಂಡದಂಥ ಕೋಪ ಬಂತು. ಆದರೆ ಮನೆಯ ಮಾತಿನ ನಡುವೆ ಗಿಟಾರಿನವನಿಗೇನು ಕೆಲಸ?

ಮುಂದಿನ ಭಾನುವಾರ ಮೈಕಕ್ಕನ ಅತ್ತೆ ಬಂದರು. ಮುದುಕಿಗೆ ಕಿವಿ ಮಂದ. ನೆಲದ ಮೇಲೆ ಕಾಲು ಚಾಚಿ ಕೂತು, ಇಬ್ಬರೂ ಕೂಗಿ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು. ಮೈದುನ ತನ್ನ ಬೇಡಿಕೆ ಇಟ್ಟ. ಸೆಟ್ಟೆಲ್ಲ ತನಗೆ ಬಿಡಲಿ, ಪಿರಿಯಾಪಟ್ಟಣದವರೊಬ್ಬರು ಜೊತೆಗೆ ಸೇರಿ ನಡೆಸೋಣ ಅನ್ನುತ್ತಿದ್ದಾರೆ, ಅತ್ತಿಗೆ ಇನ್ನು ಮನೆಯಲ್ಲಿ ನೆಮ್ಮದಿಯಾಗಿರಲಿ.

'ಮನೇಲಿ ನೆಮ್ಮದಿಯಾಗಿರೋಕೆ ನಂಗೇನು ಕಾಯ್ಲೆನಾ?' ಅಂದರು ಮೈಕಕ್ಕ. ಮಾತು ವಾಪಸು ಬಂದಿತ್ತು.

ಅತ್ತೆ ಎಲೆ ಅಡಿಕೆ ಅಗಿದು ಮುಗಿಸಿದರು. 'ಕ್ವಾಟೆ ಡ್ಯಾಮಿನ್ ತಾವ ಅದೇನೋ ಪೋಗ್ರಾಮು ಅದೆ ಅಂದ್ಯಲ್ಲ ಅಮ್ಮಿ, ನಾನೂ ಬತ್ತೀನಿ. ಆ ಪೆಟ್ಗೆ ನಡುವ್ನಲ್ಲಿ ನಿಂತೋದ್ರೆ ಸೆಟ್ಟೆಲ್ಲ ಇವ್ನಿಗೆ. ನಿಲ್ಲದಂಗೆ ನಡೀತೋ, ಅಂಗ್ಡಿ ನಿಂದು. ಆಮೇಕೆ ಯಾರೂ ನನ್ನ್ ಮುಂದೆ ಇದ್ರ ಮಾತೆತ್ತಂಗಿಲ್ಲ.'

ಕೋಟೆ ತಾಲ್ಲೂಕಿನ ಕಡೆ ಆಗ ಅಣೆಕಟ್ಟು ಕಟ್ಟುತ್ತಿದ್ದರು. ಅಲ್ಲಿನ ಕಾಲೋನಿಯವರು ಏರ್ಪಡಿಸಿದ್ದ ಕಾರ್ಯಕ್ರಮ ಅದು. ಅದರ ಹೊತ್ತಿಗೆ ಚಕ್ರವೇನೋ ಕುಂಟುವುದನ್ನು ಬಿಟ್ಟಿತ್ತು, ಆದರೆ ದನಿ ಇನ್ನೂ ಸರಿಹೋಗಿರಲಿಲ್ಲ. ಮಾರ್ದನಿ ಮೊದಲ ದನಿಯಷ್ಟೇ ಚೂಪಾಗಿ ಬರುತ್ತಿತ್ತು. ನಾನು ಒಂದು ಸ್ವರ ನುಡಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ತಗಡು ಬಡಿದ ಹಾಗೆ ಬಂದು ಮೈಮೇಲೆ ಬೀಳುತ್ತಿತ್ತು. ಮೈಕಕ್ಕ ಕಂಡೆನ್ಸರ್ ಬದಲಾಯಿಸಿ ನೋಡಿದರು. ದೊಡ್ಡದು ಹಾಕಿದರೆ ಮಾರ್ದನಿ ಕಂಬಳಿಯೊಳಗಿಂದ ಮಾತಾಡಿದ ಹಾಗಾಗುತ್ತಿತ್ತು. ಚಿಕ್ಕದು ಹಾಕಿದರೆ ಮತ್ತೆ ಅದೇ ತಗಡು.

'ಎಕೋ ಅನ್ನೋದು ಸೊಸೆ ಇದ್ದಂಗಿರ್ಬೇಕು ಕಣಪ್ಪ' ಎಂದು ಒಂದು ದಿನ ಸಿಟ್ಟಿನಿಂದ ಹೇಳಿದರು. 'ಅತ್ತೆ ಮಾತಾಡಿ ಮುಗುಸುದ್ ಮೇಲೆ ಮಾತಾಡ್ಬೇಕು. ಅತ್ತೆಗಿಂತ ಮೆತ್ತಗೆ ಮಾತಾಡ್ಬೇಕು.'

ನಾನು ಅವರ ಮುಖ ನೋಡಿದೆ.

'ಅದು ಪೆಟ್ಗೆ ವಿಷ್ಯ. ನನ್ ವಿಷ್ಯ ಅಲ್ಲ' ಅಂದರು.

ಕಾರ್ಯಕ್ರಮ ಬಿದ್ದದ್ದು ಸೋಮವಾರ. ಬೆಳಿಗ್ಗೆ ಅಂಗಡಿ ಮುಂದೆ ವ್ಯಾನು ನಿಂತಿತ್ತು. ಮೈಕಕ್ಕ ಹಿಂಬದಿಯಲ್ಲಿ ಬ್ಯಾಟರಿಗಳನ್ನು ಕಟ್ಟಿಸುತ್ತಿದ್ದರು. ಹಿಂದಿನ ಸಂಜೆಯೇ ಬಂದಿದ್ದ ಅತ್ತೆ ಸ್ನಾನ ಮುಗಿಸಿ, ವಿಭೂತಿ ಗಟ್ಟಿ ಹಿಡಿದು ಹೊರಬಂದರು. ಶಿವನ ವಾರ, ದೂರದ ಪಯಣ; ಆ ಮನೆಯಲ್ಲಿ ವಿಭೂತಿ ಕಾಣದೆ ಯಾವ ಸಾಮಾನೂ ಹೊಸಿಲು ದಾಟುತ್ತಿರಲಿಲ್ಲ. ಹಾರ್ನ್‌ಗಳಿಗೆ ಮೂರು ಗೆರೆ, ಆಂಪ್ಲಿಫೈಯರಿಗೆ ಮೂರು ಗೆರೆ, ನನ್ನ ಗಿಟಾರಿಗೂ ಮೂರು ಗೆರೆ ಎಳೆದರು. ನಾವೆಲ್ಲ ಕೈಮುಗಿದೆವು. ಎಕೋ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು ಎಂಬುದು ನಮ್ಮಲ್ಲಿ ಯಾರ ತಲೆಗೂ ಹೋಗಲಿಲ್ಲ.

ಹುಣಸೂರಿನಲ್ಲಿ ಕಾಫಿ ಕುಡಿದು, ಅಲ್ಲಿಂದ ಮುಂದೆ ಹಳ್ಳದಿಂದ ಹಳ್ಳಕ್ಕೆ ಹಾರುತ್ತಾ ಕೋಟೆಯ ದಾರಿ ಹಿಡಿದೆವು. ಬಿಸಿಲು ಇಳಿಯುವ ಹೊತ್ತಿಗೆ ಕಾಲೋನಿಯ ಬಯಲಿನಲ್ಲಿ ಸ್ಟೇಜು ಸಿದ್ಧವಾಗಿತ್ತು. ಕಲ್ಲು ಮಣ್ಣು ಹೊರುವವರು, ಮೇಸ್ತ್ರಿಗಳು, ಹೆಂಗಸರು, ಮಕ್ಕಳು ಚಾಪೆ ಹಾಸಿಕೊಂಡು ಕೂತಿದ್ದರು. ಕಾಡಂಚಿನ ಗಿರಿಜನರ ಹಾಡಿಗಳಿಂದ ಬಂದವರು ಹೊಂಗೆ ಮರದ ಕೆಳಗೆ ನಿಂತಿದ್ದರು. ಅತ್ತೆ ಎಲ್ಲರಿಗಿಂತ ಮುಂದೆ, ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಕೂತರು. ಮೈದುನ ಬಸ್ಸಿನಲ್ಲಿ ಬಂದು ಹಿಂದೆ ಎಲ್ಲೋ ನಿಂತಿದ್ದ.

'ಉಪ್ಪು... ಉಪ್ಪು... ಸಾಸ್ವೆ' ಆಯಿತು. ಮೈಕು ಸರಿಯಾಗಿತ್ತು. ನಾನು ಗಿಟಾರ್ ಮೀಟಿದೆ. ಎಕೋ ಇಲ್ಲ. ಇನ್ನೊಮ್ಮೆ ಮೀಟಿದೆ. ಬಾವಿಯ ತಳದಿಂದ ಯಾರೋ ನರಳಿದಷ್ಟು ಕೇಳಿಸಿತು.

ಮೈಕಕ್ಕ ಮುಚ್ಚಳ ತೆಗೆದರು. ಒಳಗೆಲ್ಲ ಬೆಳ್ಳಗಿತ್ತು. ಟೇಪಿನ ಮೇಲೆ ಬೆರಳಿನ ಗೆರೆಗಳು. ದಾರಿಯುದ್ದಕ್ಕೂ ಉದುರಿದ ಪುಡಿ ಹೆಡ್ಡುಗಳ ಮೇಲೆಲ್ಲ ಮೆತ್ತಿಕೊಂಡಿತ್ತು.

'ಇದ್ಯಾರ್ ಮಾಡಿದ್ದು?'

ಕೇಳಿಸದಿದ್ದರೂ ಅತ್ತೆಗೆ ಹೇಗೋ ಅರ್ಥವಾಯಿತು. ಮೂರು ಬೆರಳು ಎತ್ತಿ ತೋರಿಸಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. 'ನಾನೇ ಅಚ್ದೆ ಕಣಮ್ಮಿ! ಪಾಪ, ಎಲ್ಲಾರ್ಗಿಂತ ಜಾಸ್ತಿ ತಿರುಗೋದು ಅದೇಯ. ಅದ್ಕೇ ಅದ್ಕೆ ವಸಿ ಜಾಸ್ತೀನೇ ಅಚ್ದೆ!'

ಅಂಗಡಿ ಕೈಬಿಟ್ಟುಹೋಯಿತು ಎಂದೇ ಅಂದುಕೊಂಡೆ. ಮೈಕಕ್ಕ ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿದರು. ಅಳಿಸುವ ಹೆಡ್ಡನ್ನು ಒರೆಸಿದರು. ಬರೆಯುವ ಹೆಡ್ಡನ್ನು ಒರೆಸಿದರು. ಟೇಪಿನ ಮೇಲಿದ್ದ ದಪ್ಪ ಪುಡಿಯನ್ನು ಸೆರಗಿನಿಂದ ಮೆಲ್ಲಗೆ ಸವರಿ ತೆಗೆದರು. ಓದುವ ಹೆಡ್ಡಿಗೆ ಹತ್ತಿ ಹಿಡಿದವರು, ಒರೆಸುವ ಮೊದಲೊಮ್ಮೆ ಚಕ್ರಕ್ಕೆ ಕೀಲಿ ಕೊಟ್ಟು, 'ನುಡ್ಸು ನೋಡನ' ಅಂದರು.

ಉಕ್ಕಿನ ತುಂಡನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಜಾರಿಸಿದೆ. ಮೊದಲ ಸ್ವರ ಸ್ವಚ್ಛವಾಗಿ ಹೋಯಿತು. ಅದರ ಹಿಂದೆ ಮಾರ್ದನಿ ಬಂತು. ಚೂಪಿಲ್ಲ, ತಗಡಿಲ್ಲ. ಮೆತ್ತಗೆ, ಮೊದಲ ಸ್ವರಕ್ಕೆ ದಾರಿ ಬಿಟ್ಟು ಬಂತು. ಮುಂದಿನದು ಇನ್ನೂ ಮೆತ್ತಗೆ. ಹೊಳೆಯ ಈ ದಡದಲ್ಲಿ ನಿಂತು ಕೂಗಿದರೆ ಆ ದಡದಿಂದ ಯಾರೋ ಓಗೊಟ್ಟ ಹಾಗಿತ್ತು. ನನ್ನ ಗಿಟಾರು ಅಷ್ಟು ಚೆನ್ನಾಗಿ ಕೇಳಿದ್ದು ಅದೇ ಮೊದಲು.

ಮೈಕಕ್ಕ ಹತ್ತಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ್ದರು. 'ಇನ್ನೊಂದ್ ಸಲ' ಅಂದರು. ಇನ್ನೊಮ್ಮೆ ನುಡಿಸಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡರು. ಟೇಪಿಗೂ ಹೆಡ್ಡಿಗೂ ನಡುವೆ ವಿಭೂತಿಯ ಪೊರೆ ಕೂತಿದೆ, ಟೇಪು ಹೆಡ್ಡಿಗೆ ಪೂರಾ ತಾಗುತ್ತಿಲ್ಲ, ಅದಕ್ಕೇ ಚೂಪು ಹೊರಗೇ ಉಳಿದು ಮೆದು ಮಾತ್ರ ಒಳಗೆ ಬರುತ್ತಿದೆ.

'ಒರೆಸಿಬಿಡಿ ಅಕ್ಕ' ಅಂದೆ ನಾನು. 'ಪುಡಿ ಇನ್ನಷ್ಟು ಕಟ್ಟಿಕೊಂಡು ನಡುವೆ ನಿಂತೋದ್ರೆ? ತಗಡು ದನಿ ಆದ್ರೂ ಆಗ್ಲಿ, ನಿಲ್ಲೋದಿಲ್ಲವಲ್ಲ. ಅಂಗಡಿ ವಿಷಯ ಇದು.'

'ಗೊತ್ತು ಕಣಪ್ಪ ಅಂಗ್ಡಿ ವಿಷ್ಯ ಅಂತ' ಅಂದರು. 'ಆರ್ ತಿಂಗ್ಳಿಂದ ಈ ದನಿ ಉಡುಕ್ತಾ ಇವ್ನಿ. ತಾನಾಗೇ ಮನೆ ಬಾಗ್ಲಿಗೆ ಬಂದದೆ. ಒರ್ಸಿ ಬಿಸಾಕುದ್ರೆ ನನ್ನಂತ ಬೆಪ್ಪಿ ಯಾರೂ ಇಲ್ಲ. ಈ ದನಿ ಇಲ್ದಿದ್ ಮ್ಯಾಲೆ ಆ ಅಂಗ್ಡಿ ಮಡಿಕ್ಕಂಡು ಏನ್ ಮಾಡ್ಲಿ?'

ಹತ್ತಿಯನ್ನು ಸ್ಟೇಜಿನ ಕೆಳಗೆ ಎಸೆದು ಮುಚ್ಚಳ ಹಾಕಿದರು.

ಕಾರ್ಯಕ್ರಮ ಶುರುವಾಯಿತು. ಆ ಸಂಜೆಯ ಬಗ್ಗೆ ನಾನು ಜಂಬ ಕೊಚ್ಚಿಕೊಂಡರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಎರಡನೇ ಹಾಡಿಗೇ ಬಯಲು ಗಪ್‌ಚುಪ್ಪಾಯಿತು. ಮುಸ್ಸಂಜೆಗೆ ಕಾಲೋನಿಯ ಕರೆಂಟು ಕುಸಿದು ಬಲ್ಬುಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗಿದವು. ನಮ್ಮ ಚಕ್ರಕ್ಕೆ ಅದು ತಿಳಿಯಲೇ ಇಲ್ಲ. ಮೈಕಕ್ಕನ ತುಟಿ ಬೀಸುವ ಪದಕ್ಕೆ ಅಲ್ಲಾಡುತ್ತಿತ್ತು, ಕೈ ಕೀಲಿಗೆ ಹೋಗಿ ಬರುತ್ತಿತ್ತು.

ಕೊನೆಗೆ ಗಿಟಾರ್ ಒಂದನ್ನೇ ನುಡಿಸುವ ಹಾಡಿತ್ತು. ಅದರ ನಡುವೆ ಸ್ಪೀಕರು ಗರಗರ ಅಂದಿತು. ಬ್ಯಾಟರಿಯ ತಂತಿ ಸಡಿಲವಾಗಿತ್ತು. ಮೈಕಕ್ಕ ಒಂದೇ ನೆಗೆತಕ್ಕೆ ಸ್ಟೇಜಿನ ಆ ತುದಿಗೆ ಹೋಗಿ, ಮಂಡಿಯೂರಿ, ಎರಡೂ ಕೈಯಿಂದ ತಂತಿಯನ್ನು ಬ್ಯಾಟರಿಗೆ ಒತ್ತಿ ಹಿಡಿದು ಕೂತರು. ಗರಗರ ನಿಂತಿತು. ಆದರೆ ಕೀಲಿ ಈ ತುದಿಯಲ್ಲಿತ್ತು. ಅವರು ಕೈ ಬಿಟ್ಟರೆ ಆಂಪ್ಲಿಫೈಯರ್ ಸಾಯುತ್ತದೆ. ಬಿಡದಿದ್ದರೆ ಚಕ್ರ ನಿಲ್ಲುತ್ತದೆ. ನನ್ನ ಎರಡು ಕೈಯೂ ಗಿಟಾರಿನ ಮೇಲಿದ್ದವು. ಮೈಕಕ್ಕನ ತುಟಿಯ ಪದ ಮುಗಿದದ್ದನ್ನು ನೋಡಿದೆ. ಅವರ ಕಣ್ಣು ಪೆಟ್ಟಿಗೆಯ ಮೇಲೇ ಇತ್ತು. ಮಾರ್ದನಿ ನಿಧಾನವಾಗಿ ಜೋಲತೊಡಗಿತು.

ಆಗ ಯಾರೋ ದಡದಡನೆ ಸ್ಟೇಜು ಹತ್ತಿದರು. ಮೈದುನ. ನಿಲ್ಲಿಸಲೆಂದೇ ಬಂದ ಅಂದುಕೊಂಡೆ. ಅವನು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡ ಅಂಗೈಯನ್ನು ಮುಚ್ಚಳದ ಮೇಲೆ ಊರಿ, ಬಲಗೈಯಲ್ಲಿ ಕೀಲಿ ಹಿಡಿದ. ಕೀಲಿ ಕೊಡುವುದೂ ಒಂದು ವಿದ್ಯೆ. ಎಳೆದಾಡಿದರೆ ಚಕ್ರ ಜೋಲಿ ಹೊಡೆಯುತ್ತದೆ. ಅವನ ಕೈ ಒಂದಿಷ್ಟೂ ಎಳೆಯಲಿಲ್ಲ. ಎಣ್ಣೆ ಸುರಿದಷ್ಟು ನಯವಾಗಿ ತಿರುಗಿತು. ಜೋಲಿದ್ದ ಸ್ವರ ಮೆಲ್ಲಗೆ ಏರಿ ತನ್ನ ಜಾಗಕ್ಕೆ ಬಂದು ಕೂತಿತು. ಅದು ನನ್ನ ಕೈಚಳಕವೇ ಎಂದುಕೊಂಡು ಜನ ಶಿಳ್ಳೆ ಹೊಡೆದರು. ನಾನೂ ತಲೆಬಾಗಿ ಸ್ವೀಕರಿಸಿದೆ.

ಹಾಡು ಮುಗಿದ ಮೇಲೂ ಅವನು ಕೀಲಿ ಬಿಡಲಿಲ್ಲ. ಮೈಕಕ್ಕ ಕೈಯ ಮಸಿ ಒರೆಸಿಕೊಳ್ಳುತ್ತಾ ಬಂದು ಎದುರು ನಿಂತರು. ಅವನ ಕಣ್ಣು ತುಂಬಿತ್ತು.

'ಅಪ್ಪ ನಂಗೊಬ್ಬಂಗೇ ಕೀಲಿ ಕೊಡಾಕೆ ಬುಡ್ತಿದ್ದ ಅತ್ಗೆ. ಅಣ್ಣ ಎಳೆದಾಡ್ತಾನೆ ಅಂತ ಅವನ ಕೈಗೆ ಕೊಡ್ತಿರ್ನಿಲ್ಲ' ಅಂದ. 'ಇನ್ನೂ ಅಂಗೇ ಅದೆ. ಅದೇ ಬಿಗಿ. ಏನೂ ಆಗಿಲ್ಲ ಅದ್ಕೆ.'

'ನಾ ಏಳ್ನಿಲ್ವಾ, ಜೀವ ಅಂಗೇ ಮಡಗಿವ್ನಿ ಅಂತ' ಅಂದರು ಮೈಕಕ್ಕ. ದನಿ ಮಾತ್ರ ಎಂದಿನಷ್ಟು ಜೋರಾಗಿರಲಿಲ್ಲ.

ಅತ್ತೆಯನ್ನು ಇಬ್ಬರು ಹಿಡಿದು ಸ್ಟೇಜಿಗೆ ಹತ್ತಿಸಿದರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಮುದುಕಿ ತನ್ನ ಬಲ ಅಂಗೈಯನ್ನು ಎತ್ತಿ ತೋರಿಸಿದರು.

'ನಂಗೇನ್ ನಿಮ್ಮ ಪದ ಕೇಳ್ತದಾ? ಶುರುವಿನಿಂದ ಆ ಸ್ಪೀಕರ್ ಪೆಟ್ಗೆ ಮ್ಯಾಲೆ ಕೈ ಮಡಿಕ್ಕಂಡೇ ಕೂತಿದ್ದೆ. ಒಂದ್ ಗಳ್ಗೇನೂ ನಿಲ್ನಿಲ್ಲ. ಕೈಯೆಲ್ಲ ಜುಮುಜುಮು ಅಂತಾದೆ.' ಆಮೇಲೆ ಮಗನ ಕಡೆ ತಿರುಗಿದರು. 'ಕೀಲಿ ನೀ ಕೊಡ್ಲಾ. ಅಂಗ್ಡಿ ಅವ್ಳು ನೋಡ್ಕತಾಳೆ.'

ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಸುಗ್ಗಿ ಮುಗಿದು ಮದುವೆಗಳು ಶುರುವಾದರೆ ಮೈದುನ ಪಂಚೆ ಎತ್ತಿ ಕಟ್ಟಿಕೊಂಡು ವ್ಯಾನು ಹತ್ತುತ್ತಿದ್ದ. ಹಿಂದಿನ ಸೀಟಿಗೆ.

ನಮ್ಮ ಗಿಟಾರಿನ ದನಿ ಸುತ್ತಲ ತಾಲ್ಲೂಕುಗಳಲ್ಲೆಲ್ಲ ಹೆಸರಾಯಿತು. ಆ ವಿದೇಶಿ ಮೆಷಿನ್ನಿನವರೇ ಒಂದು ದಿನ ಅಂಗಡಿ ಹುಡುಕಿಕೊಂಡು ಬಂದರು. ಮೈಕಕ್ಕ ಮುಚ್ಚುಮರೆ ಮಾಡುವವರಲ್ಲ. ಪೆಟ್ಟಿಗೆ ತೆರೆದು ತೋರಿಸಿದರು. ದನಿ ಇಷ್ಟು ಮೆದುವಾಗಲು ಏನು ಹಾಕಿದ್ದೀರಿ ಎಂದು ಕೇಳಿದಾಗ, 'ಇಬೂತಿ' ಅಂದರು. ಅವರು ತಮಾಷೆ ಅಂದುಕೊಂಡು ನಕ್ಕು ಹೊರಟುಹೋದರು. ಅಸಲಿಗೆ ಮೈಕಕ್ಕ ಬೇರೆ ಪುಡಿಗಳನ್ನೂ ಹಾಕಿ ನೋಡಿದ್ದರು. ಸೀಮೆಸುಣ್ಣ ಟೇಪನ್ನು ಗೀರಿತು. ಮುಖದ ಪೌಡರು ಮುದ್ದೆ ಕಟ್ಟಿತು. ಅಕ್ಕಿ ಹಿಟ್ಟಿಗೆ ಇರುವೆ ಬಂದವು. ಅತ್ತೆಯ ಗಟ್ಟಿಯಷ್ಟು ನುಣುಪಾದದ್ದು ಯಾವುದೂ ಸಿಗಲಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಹೊಸ ಟೇಪು ಅಂಟಿಸಿ, ಪೆಟ್ಟಿಗೆಯನ್ನು ಈಗ ಸೊಸೆಯ ಜೊತೆಗೇ ಇದ್ದ ಅತ್ತೆಯ ಮುಂದೆ ಇಟ್ಟು, 'ಅತ್ತಮ್ಮ, ಓದೋ ಹೆಡ್ಡಿಗೆ ಮಾತ್ರ. ವಸಿಯೇ ಸಾಕು' ಎಂದು ಕಿವಿಯಲ್ಲಿ ಕೂಗುತ್ತಿದ್ದರು. 'ಗೊತ್ತು ಸುಮ್ಕಿರಮ್ಮಿ, ನಂಗೇ ಏಳ್ಕೊಡಾಕೆ ಬತ್ತಳೆ' ಅನ್ನುತ್ತಿದ್ದರು ಅತ್ತೆ. ಅವರು ಹೋದ ಮೇಲೆ ಆ ಕೆಲಸ ಮೈದುನನ ಪಾಲಿಗೆ ಬಂತು.

ಕಾಲ ಕಳೆಯಿತು. ಗಿಟಾರು ಬಿಟ್ಟು ನಾನು ಮೊಮ್ಮಕ್ಕಳನ್ನು ಆಡಿಸುವವನಾದೆ. ಅಂಗೈಯಗಲದ ಎಕೋ ಮೆಷಿನ್ನುಗಳು ಬಂದವು. ಅಂಥದ್ದೊಂದನ್ನು ಮೈಕಕ್ಕನಿಗೆ ಕೇಳಿಸಿದ್ದೆ. ತಲೆಯಾಡಿಸಿ, 'ಚೆನ್ನಾಗದೆ. ಒರೆಸಿ ಮಡಗಿದ್ ಪಾತ್ರೆ ಇದ್ದಂಗದೆ' ಅಂದಿದ್ದರು.

ಈ ಶ್ರಾವಣದಲ್ಲಿ ಮೈಕಕ್ಕ ತೀರಿಕೊಂಡರು. ಸುದ್ದಿ ಕೇಳಿ ಹೋದಾಗ ಅವರನ್ನು ಕೂರಿಸಿ ಹೂವಿನ ಹಾರ ಹಾಕಿದ್ದರು. ಅಯ್ಯನವರು ವಿಧಿ ಮುಗಿಸಿದ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ವಿಭೂತಿ ಹಚ್ಚಿದರು. ಈಗ ಮುದುಕನಾಗಿರುವ ಮೈದುನ ಕೊನೆಗೆ ಬಂದು, ಆ ಅಗಲವಾದ ಹಣೆಯ ಮೇಲೆ ಮೂರು ಗೆರೆ ಎಳೆದ. ಗೆರೆ ನೆಟ್ಟಗೆ ಬಂದವು. ಆಮೇಲೆ ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಒರೆಸಿಕೊಳ್ಳದೆ, ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, ಕಣ್ಣಿನಲ್ಲೇ ನನ್ನನ್ನು ಕರೆದ.

ಇಬ್ಬರೂ ಅಂಗಡಿಯೊಳಗೆ ಹೋದೆವು. ಪೆಟ್ಟಿಗೆ ಅದರ ಜಾಗದಲ್ಲೇ ಇತ್ತು. ಅವನು ಮುಚ್ಚಳ ತೆಗೆದು, ಓದುವ ಹೆಡ್ಡಿಗೆ ಬೆರಳು ಸವರಿದ. ವಸಿಯೇ ಸವರಿದ. ಎಡ ಅಂಗೈ ಊರಿ ಕೀಲಿ ಕೊಟ್ಟ. ಬ್ಯಾಟರಿ ಇರಲಿಲ್ಲ, ಗಿಟಾರು ಇರಲಿಲ್ಲ, ಸದ್ದೂ ಇರಲಿಲ್ಲ. ಚಕ್ರ ಒಂದೇ ಸಮನೆ ತಿರುಗಿತು. ಹೊರಗೆ ಜನ ಕರೆಯುತ್ತಿದ್ದರು. ಕೀಲಿ ಮುಗಿಯುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಮುಗಿದಾಗ ಅವನು ಇನ್ನೊಮ್ಮೆ ಕೊಟ್ಟ.